ಅಳಿಯನ ಮಂಡಿ

ಮೂಡಲಪಾಳ್ಯದ ಗರಡಿ ಹನುಮಂತಯ್ಯನವರ ಮನೆಗೆ ಆ ವರ್ಷದ ದೀಪಾವಳಿಗೆ ಅಳಿಯ ಬಂದದ್ದು ಎತ್ತಿನ ಗಾಡಿಯಲ್ಲಿ ಕಾಲು ಚಾಚಿ ಮಲಗಿಕೊಂಡು. ಮಗಳು ಗಿರಿಜಾದೇವಿ ಅವನ ಆಟದ ಬೂಟುಗಳನ್ನು ಕೈಯಲ್ಲಿ ಹಿಡಿದು ಗಾಡಿಯ ಹಿಂದೆ ನಡೆದು ಬಂದಳು. ಹಬ್ಬದ ದಿನ ಅಳಿಯನನ್ನು ಹೀಗೆ ಇಳಿಸಿಕೊಳ್ಳಬೇಕಾಯಿತಲ್ಲ ಎಂದು ಅತ್ತೆ ಪಾಪಮ್ಮ ಬಾಗಿಲಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಳಿಯ ಅಂಜಿನಯ್ಯ ಗಾಡಿಯಲ್ಲಿದ್ದಂತೆಯೇ ಕೈ ಮುಗಿದು, "ಏನೂ ಆಗಿಲ್ಲ ಅತ್ತೆ, ನಿಮ್ಮ ಮುಖ ನೋಡಿದ ಮೇಲೆ ಅರ್ಧ ನೋವು ಹೋಯ್ತು" ಎಂದ.

ಅವನು ಇದ್ದದ್ದೇ ಹಾಗೆ. ಯಾರಿಗೆ ಯಾವ ಮಾತು ಹಿತವೋ ಅದನ್ನು ಅವರ ಕೈಗೆ ಇಟ್ಟುಬಿಡುತ್ತಿದ್ದ. ರಾಜಾಜಿನಗರದ ಫ್ಯಾನ್ ಕಾರ್ಖಾನೆಯಲ್ಲಿ ಅವನಿಗೆ ರೆಕ್ಕೆಗಳಿಗೆ ಬಣ್ಣ ಹೊಡೆಯುವ ಕೆಲಸ ಎಂದು ಹೆಸರಿಗಿತ್ತು. ಕಾರ್ಖಾನೆಯವರು ಅವನನ್ನು ತೆಗೆದುಕೊಂಡಿದ್ದು ಬಣ್ಣಕ್ಕಲ್ಲ, ಫುಟ್‌ಬಾಲಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಬ್ಬದ ಹಿಂದಿನ ವಾರ ಒಂದು ಪಂದ್ಯದಲ್ಲಿ ಎದುರಾಳಿಯೊಬ್ಬ ಅವನ ಬಲಮಂಡಿಯ ಮೇಲೆ ಬಿದ್ದಿದ್ದ. ಮೂಳೆ ಮುರಿದಿಲ್ಲ, ಪಕ್ಕದ ನಾರು ಎಳೆದಿದೆ, ಮಲಗಿರಲಿ ಎಂದು ಕಾರ್ಖಾನೆಯ ಡಾಕ್ಟರು ಹೇಳಿ ಕಳಿಸಿದ್ದರು. ಒಂಟಿ ಕೋಣೆಯ ಮನೆಯಲ್ಲಿ ಮಗಳೊಬ್ಬಳೇ ನೀರೂ ಹೊತ್ತು ಗಂಡನನ್ನೂ ಹೊರಬೇಕೇ ಎಂದು ಪಾಪಮ್ಮ ಗಾಡಿ ಕಳಿಸಿ ಕರೆಸಿಕೊಂಡರು.

ಕರೆಸಿಕೊಂಡದ್ದೇನೋ ಸರಿ. ಆದರೆ ಆ ಮನೆಯಲ್ಲಿ ಒಂದು ಮಂಡಿಗೆ ಮೂವರು ವೈದ್ಯರಿದ್ದರು.

ಮೊದಲನೆಯವರು ಯಜಮಾನರೇ. ಹನುಮಂತಯ್ಯನವರು ಮೂವತ್ತು ವರ್ಷದಿಂದ ಗರಡಿ ನಡೆಸಿದವರು. ನಾಗರಭಾವಿಯಿಂದ ಕೆಂಗೇರಿಯವರೆಗೆ ಯಾರಿಗೆ ಕೈಕಾಲು ಉಳುಕಿದರೂ ಅವರ ಜಗಲಿಗೇ ಬರುತ್ತಿದ್ದರು. ಎರಡನೆಯವನು ಮಗ ಚಿಕ್ಕಣ್ಣ. ಅದೇ ಫ್ಯಾನ್ ಕಾರ್ಖಾನೆಯ ದವಾಖಾನೆಯಲ್ಲಿ ಕಂಪೌಂಡರ್. ಊರಿನ ಹೆಂಗಸರು ಅವನನ್ನು "ಡಾಕ್ಟ್ರೇ" ಎಂದು ಕರೆದರೆ ಅವನು ತಿದ್ದುತ್ತಿರಲಿಲ್ಲ. ಮೂರನೆಯವಳು ಕಿರಿಮಗಳು ತುಂಗಾ. ನರ್ಸ್ ಆಗಿದ್ದವಳು, ಆಸ್ಪತ್ರೆಯವರೇ ಕಳಿಸಿಕೊಟ್ಟರೆಂದು ಬೊಂಬಾಯಿಗೆ ಹೋಗಿ ಎರಡು ವರ್ಷ ಫಿಸಿಯೋಥೆರಪಿ ಕಲಿತು ಬಂದಿದ್ದಳು. ಬಂದು ನೋಡಿದರೆ ಅವಳ ಹಳೆಯ ಜಾಗದಲ್ಲಿ ಬೇರೆಯವರಿದ್ದರು. ಹೊಸ ವಿದ್ಯೆಗೆ ಊರಿನಲ್ಲಿ ಕುರ್ಚಿಯೇ ಇರಲಿಲ್ಲ. ಆರು ತಿಂಗಳಿಂದ ಮನೆಯಲ್ಲಿ ರಾಗಿ ಬೀಸಿಕೊಂಡು ಕೂತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಈ ಮನೆಯ ಹಿತ್ತಲಿನ ತುಂಬ ಮದ್ದಿನ ಗಿಡಗಳೇ, ಒಂದರ ನೆರಳು ಇನ್ನೊಂದಕ್ಕೆ ಆಗುತ್ತಿರಲಿಲ್ಲ ಅಷ್ಟೆ.

ಹಬ್ಬ ಮುಗಿದ ಮಾರನೆಯ ದಿನವೇ ತುಂಗಾ ಅಣ್ಣನ ಬೆನ್ನು ಹತ್ತಿ ಕಾರ್ಖಾನೆಯ ದವಾಖಾನೆಗೆ ಹೋದಳು. ಚಿಕ್ಕಣ್ಣ ದಾರಿಯುದ್ದಕ್ಕೂ ಗೊಣಗಿದ.

"ನೀನು ಬಂದು ಏನ್ ಮಾತಾಡ್ತೀಯ? ಅವರು ದೊಡ್ಡ ಡಾಕ್ಟ್ರು. ನಾನೇ ಅವರ ಮುಂದೆ ಕೇಳಿದಷ್ಟಕ್ಕೆ ಬಾಯಿಬಿಡ್ತೀನಿ."

"ನಾನೂ ಕೇಳಿದಷ್ಟಕ್ಕೇ ಮಾತಾಡ್ತೀನಿ ಬಾ ಅಣ್ಣ."

ಡಾಕ್ಟರ್ ಗುರುಬಸಪ್ಪ ಕೆಟ್ಟವರಲ್ಲ. ಎಚ್ಚರದ ಮನುಷ್ಯ. ಹೊಸದನ್ನು ಕಂಡರೆ ಮೊದಲು ಕನ್ನಡಕ ಒರೆಸಿಕೊಳ್ಳುವವರು. ತುಂಗಾ ಹೇಳಿದ್ದನ್ನೆಲ್ಲ ಕೇಳಿ, "ಇದೆಲ್ಲ ಪೋಲಿಯೋ ಆದ ಮಕ್ಕಳಿಗೆ ಮಾಡೋದಲ್ಲವೇನಮ್ಮ?" ಎಂದರು.

"ಆಟಗಾರರಿಗೂ ಮಾಡ್ತಾರೆ ಸಾರ್. ಸುಮ್ಮನೆ ಮಲಗಿಸಿದ್ರೆ ತೊಡೆ ಸೊರಗುತ್ತೆ. ತೊಡೆ ಸೊರಗಿದ ಮೇಲೆ ಮಂಡೀನ ಹಿಡಿದು ನಿಲ್ಲಿಸೋರು ಯಾರು? ಊತ ಇಳಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಭಾರ ಎತ್ತಿಸಬೇಕು. ಎಲ್ಲಿ ನೋವಾಗುತ್ತೋ ಅಲ್ಲಿಗೆ ನಿಲ್ಲಿಸಬೇಕು. ಅಷ್ಟೇ ಸಾರ್."

ಡಾಕ್ಟರು ಕಿಟಕಿಯಾಚೆ ನೋಡಿದರು. "ಈ ದವಾಖಾನೆ ಹಿಂದೆ ಒಂದು ಕೋಣೆ ಖಾಲಿ ಬಿದ್ದಿದೆ. ನಮ್ಮಲ್ಲಿ ಆಟಗಾರರು ಇದಾರೆ, ಮಿಷನ್ನಿಗೆ ಕೈಕಾಲು ಕೊಟ್ಟು ಬರೋರೂ ಇದಾರೆ. ನಿನ್ನಂಥೋರು ಒಬ್ಬರು ಇದ್ದರೆ ಒಳ್ಳೇದೇನೋ. ಆದರೆ ಬಾಯಿಮಾತಿನಲ್ಲಿ ಹೇಳಿದರೆ ಮೇಲಿನವರು ಒಪ್ಪಲ್ಲ. ಸಂಕ್ರಾಂತಿ ಆದ ಮೇಲೆ ಟೀಮಿಗೆ ದೊಡ್ಡ ಪಂದ್ಯ ಇದೆ. ಅಷ್ಟರೊಳಗೆ ನಿನ್ನ ಭಾವ ಮೈದಾನಕ್ಕೆ ಇಳಿದರೆ, ನಿನ್ನನ್ನ ತಗೊಳ್ಳಿ ಅಂತ ನಾನೇ ಬರೀತೀನಿ. ಇಳೀಲಿಲ್ಲ ಅಂದ್ರೆ ಆ ಕೋಣೇಲಿ ಬ್ಯಾಂಡೇಜ್ ಬಟ್ಟೆ ತುಂಬಿಸ್ತೀನಿ."

ತುಂಗಾ ಹೊರಗೆ ಬರುವಾಗ ಆ ಕೋಣೆಯ ಕಿಟಕಿಯಲ್ಲಿ ಇಣುಕಿ ನೋಡಿದಳು. ಒಡೆದ ಕುರ್ಚಿಗಳು, ಒಂದು ತುಕ್ಕು ಹಿಡಿದ ತಕ್ಕಡಿ. ಬೆಳಕು ಚೆನ್ನಾಗಿತ್ತು. ಇಲ್ಲೊಂದು ಬೆಂಚು, ಅಲ್ಲೊಂದು ರಾಟೆ ಹಗ್ಗ ಎಂದು ಮನಸ್ಸಿನಲ್ಲೇ ಎಲ್ಲವನ್ನೂ ಜೋಡಿಸಿಬಿಟ್ಟಳು. ಪಕ್ಕದಲ್ಲಿ ನಿಂತಿದ್ದ ಚಿಕ್ಕಣ್ಣನ ಮುಖ ಮಾತ್ರ ಕಹಿ ಔಷಧಿ ಕುಡಿದವರಂತಾಗಿತ್ತು. ತಂಗಿಗೆ ತನಗಿಲ್ಲದ ಕೋಣೆ ಬರುವುದು ಅವನಿಗೆ ಸುಲಭದಲ್ಲಿ ಜೀರ್ಣವಾಗುವ ವಿಷಯವಾಗಿರಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಮಾತು ಎದ್ದಿತು. ಪಾಪಮ್ಮ ಮುದ್ದೆ ಇಟ್ಟು ಹುರುಳಿ ಸಾರು ಬಡಿಸುತ್ತಿದ್ದರು.

"ಲಕ್ಕಿಸೊಪ್ಪಿನ ಶಾಖ ಕೊಟ್ಟು, ಎಳ್ಳೆಣ್ಣೆ ಹಚ್ಚಿ ನೀವಿ, ನಾರನ್ನ ಎಳೆದು ಕೂರಿಸ್ತೀನಿ," ಎಂದರು ಹನುಮಂತಯ್ಯ. "ಎಷ್ಟು ಪೈಲ್ವಾನರನ್ನ ಎಬ್ಬಿಸಿಲ್ಲ ನಾನು."

"ಎಳೆದಿರೋ ನಾರನ್ನ ಇನ್ನೂ ಎಳೀಬಾರದು ಅಪ್ಪ," ಎಂದಳು ತುಂಗಾ.

"ನೀನು ಅದೆಂಥದೋ ಮರಳಿನ ಚೀಲ ಕಟ್ತೀಯಂತೆ. ನೋಯೋ ಕಾಲಿಗೆ ಭಾರ ಕಟ್ಟೋದು ಯಾವ ಸೀಮೆ ಔಷಧಿ?"

"ಇಬ್ರದ್ದೂ ಬೇಡ," ಎಂದ ಚಿಕ್ಕಣ್ಣ. "ಮಾತ್ರೆ ತಗೊಂಡು ಮಲಗಿದ್ರೆ ತಾನಾಗಿ ಹೋಗುತ್ತೆ. ಡಾಕ್ಟ್ರೂ ಅದನ್ನೇ ಹೇಳಿರೋದು."

"ಡಾಕ್ಟ್ರು ಮಲಗೋಕೆ ಹೇಳಿದ್ರು. ಮಾತ್ರೆ ಹೇಳಲಿಲ್ಲ."

"ನೋಡಪ್ಪ, ಕಂಪೌಂಡರಿಗೆ ಇವಳು ಪಾಠ ಹೇಳ್ತಾಳೆ!"

ಪಾಪಮ್ಮ ಸೌಟನ್ನು ಪಾತ್ರೆಗೆ ಕುಟ್ಟಿದರು. "ಅಳಿಯಂದಿರ ಮುಂದೆ ಏನ್ರೋ ಇದು! ಅವರು ಉಣ್ಣೋದು ಬ್ಯಾಡ್ವಾ? ಡಾಕ್ಟ್ರು ತುಂಗಾಗೆ ಒಪ್ಪಿಸವ್ರೆ. ಅವಳದ್ದೇ ನಡೀಲಿ."

ಹನುಮಂತಯ್ಯ ಮುದ್ದೆ ಮುರಿಯುತ್ತ, "ಆಯ್ತು, ನಡೀಲಿ. ಆದ್ರೆ ಒಂದು ಮಾತು. ಆ ಚೀಲ ಗೀಲ ಈಗ್ಲೇ ಕಟ್ಟಬ್ಯಾಡ" ಎಂದರು.

"ಆಯ್ತಪ್ಪ," ಎಂದಳು ತುಂಗಾ.

"ಆಯ್ತು ಬಿಡಿ," ಎಂದ ಚಿಕ್ಕಣ್ಣ.

ಆ ಮನೆಯ ರೂಢಿಯೇ ಅದು. ಹಿರಿಯರು ಒಂದು ಮಾತು ಹೇಳಿದರೆ ಆಯ್ತು ಎನ್ನಬೇಕು, ಆಮೇಲೆ ತಾನು ಮಾಡುವುದನ್ನು ಮಾಡಬೇಕು. ಎದುರು ಮಾತಾಡಿದರೆ ಅಗೌರವ, ಮರೆಯಲ್ಲಿ ಮಾಡಿದರೆ ಗೌರವ. ಹಿರಿಯರೂ ಆ ವಿದ್ಯೆಯಲ್ಲಿ ಹಿಂದೆ ಬಿದ್ದವರಾಗಿರಲಿಲ್ಲ. ಊಟ ಮುಗಿಸಿದ ಅಂಜಿನಯ್ಯ ಮಾತ್ರ ಎಲ್ಲರನ್ನೂ ನೋಡಿ, "ನೀವೆಲ್ಲ ಇರುವಾಗ ನನಗೇನು ಚಿಂತೆ" ಎಂದು ಕೈ ತೊಳೆದ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಊತ ಇಳಿದ ಮೇಲೆ ತುಂಗಾ ಸಂಜೆ ಹಜಾರದಲ್ಲಿ ಭಾವನನ್ನು ಎತ್ತರದ ಪೆಟ್ಟಿಗೆಯ ಮೇಲೆ ಕೂರಿಸಿ, ಅಪ್ಪ ಗರಡಿಗೆ ಹೋದದ್ದನ್ನು ಖಚಿತ ಮಾಡಿಕೊಂಡು, ಪಾದಕ್ಕೆ ಸಣ್ಣ ಮರಳಿನ ಚೀಲ ಕಟ್ಟುತ್ತಿದ್ದಳು.

"ಮೆಲ್ಲಗೆ ಎತ್ತಿ ಭಾವ. ನೋವು ಬಂದ ತಕ್ಷಣ ಹೇಳಿ."

"ನೋವೇ ಇಲ್ಲ ತುಂಗಾ. ಇನ್ನೊಂದು ಹಿಡಿ ಮರಳು ಹಾಕು."

"ನಿಜ ಹೇಳ್ತಿದ್ದೀರಾ?"

"ನಿನ್ನಾಣೆ. ನಿನ್ನಿಂದಲೇ ಕಣಮ್ಮ ಈ ಕಾಲಿಗೆ ಜೀವ ಬಂದದ್ದು."

ತುಂಗಾಳಿಗೆ ಆ ಮಾತು ಕೇಳಿ ಎದೆ ತುಂಬಿ ಬರುತ್ತಿತ್ತು. ಬೊಂಬಾಯಿಯಲ್ಲಿ ಅನ್ನಕ್ಕೂ ಭಾಷೆಗೂ ಪರದಾಡಿ ಕಲಿತದ್ದು ಸಾರ್ಥಕವಾಯಿತು ಅನ್ನಿಸುತ್ತಿತ್ತು. ಚೀಲಕ್ಕೆ ಇನ್ನೊಂದು ಹಿಡಿ ಮರಳು ಹಾಕುತ್ತಿದ್ದಳು.

ಅಡುಗೆಮನೆಯ ಕತೆ ಬೇರೆ. ಮೂಳೆಗೆ ಬಲ ಬರಲಿ ಎಂದು ಹನುಮಂತಯ್ಯ ಕಾಲು ಸೂಪು ಮಾಡಿಸಬೇಕೆಂದರು. ಕಾರ್ತಿಕ ಮಾಸದಲ್ಲಿ ಒಲೆಯ ಮೇಲೆ ಬಾಡು ಏರುವುದಿಲ್ಲ ಎಂದು ಪಾಪಮ್ಮ ಹಟ ಹಿಡಿದರು. ಹುಳಿ ತಿಂದರೆ ಕೀಲು ಹಿಡಿಯುತ್ತದೆ ಎಂದು ಯಜಮಾನರು ಹುಣಸೆಹಣ್ಣನ್ನೇ ನಿಲ್ಲಿಸಿದರು. ಹುಳಿಯಿಲ್ಲದ ಸಾರು ಸಾರೇ ಎಂದು ಚಿಕ್ಕಣ್ಣ ತಟ್ಟೆ ದೂಡಿದ. ಒಬ್ಬರಿಗೊಂದು ಅಡುಗೆ ಮಾಡಿ, ನೀರು ಸೇದಿ, ಗಂಡನಿಗೆ ಬಿಸಿನೀರು ಕಾಯಿಸಿ ಗಿರಿಜಾದೇವಿ ಸುಸ್ತಾದಳು.

"ತವರಿಗೆ ಬಂದ್ರೆ ಎರಡು ದಿನ ಸುಖ ಅಂತಾರೆ," ಎಂದು ತಂಗಿಯ ಮುಂದೆ ಗೊಣಗಿದಳು. "ಇಲ್ಲಿ ಕಾಲು ಒಬ್ಬರದು, ಪಥ್ಯ ಮನೆಯವರಿಗೆಲ್ಲ."

ಧನುರ್ಮಾಸ ಹಿಡಿದು ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಗಿರಿಜಾದೇವಿ ಕೂಗಿಕೊಂಡಳು. ತುಂಗಾ ಓಡಿ ಬಂದು ನೋಡಿದರೆ ಭಾವನ ಮಂಡಿ ಬೆಲ್ಲದ ಅಚ್ಚಿನಷ್ಟು ಊದಿತ್ತು. ಮುಟ್ಟಿದರೆ ಸುಡುತ್ತಿತ್ತು.

"ನಿನ್ನೆ ಸಂಜೆ ನೋವಾಗಿತ್ತಾ ಭಾವ? ನಾನು ಕೇಳಿದ್ನಲ್ಲ!"

"ನೋವು ಅಂತ ಏನಿಲ್ಲ ತುಂಗಾ... ಮಾತ್ರೆ ತಗೊಂಡ ಮೇಲೆ ಎಲ್ಲಿ ನೋವು..."

"ಯಾವ ಮಾತ್ರೆ?"

ಅಂಜಿನಯ್ಯ ಹೆಂಡತಿಯ ಮುಖ ನೋಡಿದ. ಗಿರಿಜಾದೇವಿಗೆ ಸಹನೆ ಅಲ್ಲಿಗೆ ಮುಗಿಯಿತು.

"ಹೇಳ್ರೀ! ನೀವು ಹೇಳದಿದ್ರೆ ನಾನೇ ಹೇಳ್ತೀನಿ. ಬೆಳಗಾಗೆದ್ದು ಅಪ್ಪ ಕೊಟ್ಟಿಗೇಗೆ ಕರ್ಕೊಂಡೋಗಿ ಎಣ್ಣೆ ಹಚ್ಚಿ ಎಳೀತಾರೆ. ಆಮೇಲೆ ಅಣ್ಣ ದವಾಖಾನೆ ಮಾತ್ರೆ ಕೊಡ್ತಾನೆ, ಬೆಳಿಗ್ಗೆಗೊಂದು ಸಂಜೆಗೊಂದು. ಅದು ನುಂಗಿ ಬಂದು ನಿನ್ನ ಹತ್ರ ಮರಳು ಎತ್ತುತಾರೆ. ಮೂರು ಜನಕ್ಕೂ ನಿಮ್ಮಿಂದಲೇ ವಾಸಿ ಆಗ್ತಾ ಐತೆ ಅಂತಾರೆ. ನನ್ನ ಹತ್ರ ಮಾತ್ರ ರಾತ್ರಿಯೆಲ್ಲ ನರಳ್ತಾರೆ."

ತುಂಗಾ ಮೂಲೆಯಲ್ಲಿದ್ದ ಮರಳಿನ ಚೀಲವನ್ನು ಕೈಗೆತ್ತಿಕೊಂಡಳು. ನೋವೇ ಅವಳ ಅಳತೆಗೋಲು; ಅದನ್ನೇ ಮಾತ್ರೆ ಕೊಟ್ಟು ಮಲಗಿಸಿದ್ದರು. ಗೊತ್ತಿಲ್ಲದೆ ಅವಳು ಹಿಡಿ ಹಿಡಿ ಮರಳು ಏರಿಸಿದ್ದಳು.

ಅಪ್ಪನೂ ಅಣ್ಣನೂ ಮನೆಗೆ ಬಂದ ಮೇಲೆ ಜಗಳ ಜಗಲಿಯಿಂದ ಒಳಗೆ, ಒಳಗಿನಿಂದ ಹಿತ್ತಲಿಗೆ ಹೋಯಿತು.

"ನಡೀಲಿ ಅಂದಿದ್ರಲ್ಲಪ್ಪ ನೀವು!"

"ಚೀಲ ಕಟ್ಟಲ್ಲ ಅಂದಿದ್ದೆಯಲ್ಲ ನೀನು!"

"ಅಣ್ಣ, ಡಾಕ್ಟ್ರನ್ನ ಕೇಳದೆ ಮಾತ್ರೆ ತಂದೆಯಾ?"

"ಮೆಲ್ಲಗೆ ಮಾತಾಡೇ!" ಎಂದ ಚಿಕ್ಕಣ್ಣ. "ಪಾಪ ನೋಯ್ತಾರಲ್ಲ ಅಂತ ತಂದೆ. ಈ ಸುದ್ದಿ ದವಾಖಾನೆಗೆ ಹೋದ್ರೆ ನನ್ನ ಕೆಲಸಕ್ಕೆ ಕುತ್ತು."

"ನಾನು ಕೇಳಿದ್ರೆ ನೋವಿಲ್ಲ ಅಂತಾರೆ ಭಾವ!"

ಎಲ್ಲರೂ ಅಂಜಿನಯ್ಯನ ಕಡೆ ತಿರುಗಿದರು. ಅವನು ಗೋಡೆಗೊರಗಿ ತಲೆ ತಗ್ಗಿಸಿದ. "ಮಾವನವರು ಕರೆದಾಗ ಬರಲ್ಲ ಅನ್ನೋಕೆ ಆಗುತ್ತಾ? ಚಿಕ್ಕಣ್ಣ ಭಾವ ಪ್ರೀತಿಯಿಂದ ಕೊಟ್ಟಾಗ ಬೇಡ ಅನ್ನೋಕೆ ಆಗುತ್ತಾ? ಬಂದ ಮನೇಲಿ ಯಾರ ಮನಸ್ಸು ನೋಯಿಸಲಿ?"

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಂಗಾಯ್ತು," ಎಂದರು ಪಾಪಮ್ಮ. ಅಳಿಯನನ್ನು ಬೈಯುವಂತಿಲ್ಲ, ಗಂಡನನ್ನು ಬೈದರೆ ಕೇಳುವುದಿಲ್ಲ. ಬೈಸಿಕೊಳ್ಳಲು ಉಳಿದದ್ದು ತುಂಗಾ ಒಬ್ಬಳೇ. "ನೀನಾದ್ರೂ ಓದಿದೋಳು, ಬಾಯಿಬಿಟ್ಟು ಎಲ್ಲಾರ್ನೂ ಕೇಳಬಾರದಾಗಿತ್ತಾ?"

ಮಾರನೆಯ ದಿನ ದವಾಖಾನೆಯಲ್ಲಿ ಡಾಕ್ಟರ್ ಗುರುಬಸಪ್ಪನವರು ಊದಿದ ಮಂಡಿಯನ್ನು ಒತ್ತಿ ನೋಡಿ ತುಂಗಾಳ ಕಡೆ ತಿರುಗಿದರು. "ಅಭ್ಯಾಸ ಜಾಸ್ತಿ ಆಯ್ತೇನಮ್ಮ?" ಚಿಕ್ಕಣ್ಣ ಅಲ್ಲೇ ಸೀಸೆಗಳನ್ನು ಜೋಡಿಸುತ್ತಿದ್ದ. ಅವನ ಕೈ ನಿಂತಿತು. ತುಂಗಾ ಅಣ್ಣನ ಬೆನ್ನನ್ನು ನೋಡಿದಳು. ಅವನೇ ತಿರುಗಿ ಒಂದು ಮಾತು ಹೇಳಲಿ ಎಂದು ಕಾದಳು. ಅವನು ತಿರುಗಲಿಲ್ಲ.

"ಹೌದು ಸಾರ್. ಸ್ವಲ್ಪ ಜಾಸ್ತಿ ಆಯ್ತು," ಎಂದಳು.

"ಸಂಕ್ರಾಂತಿ ಪಂದ್ಯ ಹೋಯ್ತು. ಶಿವರಾತ್ರಿ ಆದ ಮೇಲೆ ಇನ್ನೊಂದಿದೆ. ಅಲ್ಲೀವರೆಗೆ ನೋಡ್ತೀನಿ. ಆಮೇಲೆ ನನ್ನನ್ನ ಕೇಳಬೇಡ."

ಅಂಜಿನಯ್ಯನಿದ್ದ ಗಾಡಿಯ ಹಿಂದೆ ಅಣ್ಣ ತಂಗಿ ನಡೆದು ಬಂದರು. ಮನೆ ಹತ್ತಿರ ಬಂದಾಗ ಚಿಕ್ಕಣ್ಣ, "ನಿನಗೆ ಇನ್ನೂ ಕೆಲಸ ಸಿಕ್ಕಿಲ್ಲ, ನನಗೆ ಇರೋದು ಹೋಗಬಾರದಲ್ಲ" ಎಂದ. ಉಪಕಾರಕ್ಕೆ ಕೃತಜ್ಞತೆ ಹೀಗೂ ಹೇಳಬಹುದು ಎಂಬುದು ತುಂಗಾಳಿಗೆ ಅಂದೇ ಗೊತ್ತಾದದ್ದು.

ಆಮೇಲೆ ಮನೆಯನ್ನು ಹತೋಟಿಗೆ ತಂದವಳು ಗಿರಿಜಾದೇವಿ. ಗಂಡನ ಚಾಪೆಯನ್ನು ಹಜಾರದಿಂದ ಎತ್ತಿ ಅಡುಗೆಮನೆಯ ಪಕ್ಕಕ್ಕೆ, ತನ್ನ ಕಣ್ಣಳತೆಗೆ ಹಾಕಿಕೊಂಡಳು. "ಇನ್ಮೇಲೆ ಈ ಕಾಲಿಗೆ ಒಂದೇ ಕೈ. ತುಂಗಾದು. ಬೇರೆ ಯಾರಾದ್ರೂ ಮುಟ್ಟಿದ್ರೆ ನಾನು ಇವರನ್ನ ಕರ್ಕೊಂಡು ನಮ್ಮ ಕೋಣೆಗೆ ಹೊರಟೆ." ಹನುಮಂತಯ್ಯ, "ಸರಿ, ನಮ್ಮ ವಿದ್ಯೆ ನಮ್ಮನೇಲೇ ಬ್ಯಾಡ ಆಯ್ತಲ್ಲ" ಎಂದು ಹೆಗಲ ಮೇಲೆ ಟವೆಲು ಹಾಕಿಕೊಂಡು ಗರಡಿಗೆ ಹೋದವರು ಅಲ್ಲೇ ಬಿಡಾರ ಹೂಡಿದರು. ಪಾಪಮ್ಮ ಎರಡು ಹೊತ್ತೂ ಅಲ್ಲಿಗೇ ಬುತ್ತಿ ಹೊತ್ತರು. ಚಿಕ್ಕಣ್ಣ ತುಂಗಾಳ ಜೊತೆ ಮಾತು ಬಿಟ್ಟ. ಉಪ್ಪು ಬೇಕಾದರೂ ಅಮ್ಮನ ಕೈಲೇ ಕೇಳಿಸುತ್ತಿದ್ದ.

ಅವರೇಕಾಯಿ ಕಾಲ. ಮನೆಯೆಲ್ಲ ಸೊಗಡಿನ ವಾಸನೆ. ಅಕ್ಕತಂಗಿಯರು ಹಿತಕಿದ ಬೇಳೆಗೆ ಕಾಳು ಹಿಸುಕುತ್ತ ಕೂತರೆ ಅಂಜಿನಯ್ಯ ಎದುರಿಗೆ ಪೆಟ್ಟಿಗೆಯ ಮೇಲೆ ಕೂತು ಕಾಲು ಎತ್ತುತ್ತಿದ್ದ. ಈಗ ಮಾತ್ರೆ ಇರಲಿಲ್ಲ, ನೋವು ಬಂದರೆ ಮುಖದಲ್ಲೇ ಕಾಣುತ್ತಿತ್ತು. ತುಂಗಾ ಅವನ ಮಾತು ಕೇಳುವುದನ್ನು ಬಿಟ್ಟು ಮುಖ ನೋಡುವುದನ್ನು ಕಲಿತಳು.

"ನೋವಿಲ್ಲ ತುಂಗಾ."

"ಹುಬ್ಬು ಗಂಟಾಗಿದೆ ಭಾವ. ಇಳಿಸಿ ಕಾಲು."

ಮೊದಲು ಎತ್ತುವುದು, ಆಮೇಲೆ ನಿಲ್ಲುವುದು, ಆಮೇಲೆ ಕೂತು ಏಳುವುದು. ಸೊರಗಿದ್ದ ತೊಡೆ ನಿಧಾನವಾಗಿ ತುಂಬಿಕೊಂಡಿತು. ಮಾಘ ಮಾಸದಲ್ಲಿ ಕೆರೆಯ ಏರಿಯ ಮೇಲೆ ನಡೆಸಿದಳು, ಆಮೇಲೆ ಓಡಿಸಿದಳು. ಗಂಡಸನ್ನು ಓಡಿಸಿಕೊಂಡು ಹಿಂದೆ ಹೋಗುವ ಹುಡುಗಿಯನ್ನು ಊರಿನವರು ನೋಡಿ ನಕ್ಕರು. ಮದುವೆಯಾಗದ ಮಗಳು ಹೀಗೆ ಏರಿಯ ಮೇಲೆ ನಿಂತರೆ ಯಾರು ಬರುತ್ತಾರೆ ಎಂದು ಪಾಪಮ್ಮ ದಿನವೂ ಬೈದರು, ದಿನವೂ ಇಬ್ಬರಿಗೂ ಬೆಲ್ಲ ಹಾಕಿದ ರಾಗಿ ಗಂಜಿ ಕಾಯಿಸಿಟ್ಟರು.

ಶಿವರಾತ್ರಿ ಕಳೆದ ಭಾನುವಾರ ಅಂಜಿನಯ್ಯ ಕಾರ್ಖಾನೆಯ ಮೈದಾನಕ್ಕಿಳಿದ. ತುಂಗಾ ಬೇಲಿಯ ಆಚೆ ಗಿರಿಜಾದೇವಿಯ ಕೈ ಹಿಡಿದು ನಿಂತಿದ್ದಳು. ಅವನು ಓಡಿದ, ಬಿದ್ದ, ಎದ್ದ, ಮತ್ತೆ ಓಡಿದ. ಆಟ ಮುಗಿಯುವವರೆಗೂ ಹೊರಗೆ ಬರಲಿಲ್ಲ. ಕೊನೆಯ ಸೀಟಿ ಊದಿದಾಗ ಅಕ್ಕತಂಗಿಯರಿಬ್ಬರೂ ಅತ್ತುಬಿಟ್ಟರು.

ಆ ಸಂಜೆ ಮನೆಯಲ್ಲಿ ಕೋಳಿ ಸಾರು. ಹನುಮಂತಯ್ಯನವರೂ ಗರಡಿಯಿಂದ ಮನೆಗೆ ಬಂದು ಅಳಿಯನ ಪಕ್ಕದಲ್ಲಿ ಎಲೆಗೆ ಕೂತರು. ತುಂಗಾ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಹಜಾರದ ಮಾತು ಅವಳಿಗೆ ಕೇಳಿಸುತ್ತಿತ್ತು.

"ಮೊದಲು ನಾನು ನೀವಿದ್ನಲ್ಲ, ಅದೇ ಬುನಾದಿ. ಆಮೇಲಿನದೆಲ್ಲ ಗಾರೆ ಕೆಲಸ."

"ಅದರಲ್ಲಿ ಅನುಮಾನವಾ ಮಾವ? ನಿಮ್ಮ ಕೈಗುಣ."

"ಮೊದಲ ತಿಂಗಳು ನೋವು ಹಿಡಿದು ನಿಲ್ಲಿಸಿದ್ದು ನನ್ನ ಮಾತ್ರೆ," ಎಂದ ಚಿಕ್ಕಣ್ಣ. "ಅದಿಲ್ಲದಿದ್ರೆ ನೀವು ಮಲಗೇ ಬಿಡ್ತಿದ್ರಿ ಭಾವ."

"ನಿಜ ಭಾವ, ನಿಜ. ನೀವಿಲ್ಲದಿದ್ರೆ ನಾನೆಲ್ಲಿ ಇರ್ತಿದ್ದೆ."

ತುಂಗಾ ಮುದ್ದೆ ಕೋಲನ್ನು ಒತ್ತಿದ ರಭಸಕ್ಕೆ ಪಾತ್ರೆ ಒಲೆಯಿಂದ ಜರುಗಿತು. ಊಟವಾದ ಮೇಲೆ ಅಂಜಿನಯ್ಯ ಕೈ ತೊಳೆಯಲು ಹಿತ್ತಲಿಗೆ ಬಂದ. ತುಂಗಾ ಚೊಂಬಿನಿಂದ ನೀರು ಹಾಕಿದಳು.

"ತುಂಗಾ, ಇದೆಲ್ಲ ನಿನ್ನಿಂದಲೇ ಕಣಮ್ಮ," ಎಂದ ಮೆಲ್ಲಗೆ.

ಉಳಿದ ನೀರನ್ನೆಲ್ಲ ಅವನ ಕಾಲ ಮೇಲೆ ಸುರಿದು ಅವಳು ಒಳಗೆ ಹೋದಳು.

ಮಾರನೆಯ ದಿನ ದವಾಖಾನೆಗೆ ಹೋದಾಗಲೂ ಆ ಸಿಟ್ಟು ಆರಿರಲಿಲ್ಲ. ಡಾಕ್ಟರು ಲವಲವಿಕೆಯಿಂದಿದ್ದರು. ಕೂರಲು ಹೇಳಿದರು, ಕನ್ನಡಕ ಒರೆಸಿಕೊಂಡರು. ಚಿಕ್ಕಣ್ಣ ಎಂದಿನಂತೆ ಸೀಸೆಗಳ ಬಳಿ ಇದ್ದ.

"ಚೆನ್ನಾಗಿ ಆಡಿದನಮ್ಮ ನಿನ್ನ ಭಾವ. ಈಗ ಹೇಳು, ನಾನು ಮೇಲಕ್ಕೆ ಬರೆದರೆ ಅವರು ನೂರು ಪ್ರಶ್ನೆ ಕೇಳ್ತಾರೆ. ಗರಡಿ ಎಣ್ಣೆ ಅಂತಾರೆ ಕೆಲವರು, ರೆಸ್ಟು ಅಂತಾರೆ ಕೆಲವರು. ಆಟಗಾರನನ್ನೇ ಕರೆದು ಕೇಳಿ ಅಂತಾರೆ..."

"ಅವರನ್ನ ಮಾತ್ರ ಕೇಳಬೇಡಿ ಸಾರ್!" ತುಂಗಾಳ ದನಿ ಅವಳಿಗೇ ಗೊತ್ತಿಲ್ಲದೆ ಏರಿತು. "ನಮ್ಮ ಭಾವನ ಮಾತು ಹುಲ್ಲುಕಡ್ಡಿಗೆ ಸಮ. ಎದುರಿಗೆ ಯಾರಿದ್ದಾರೋ ಅವರಿಂದಲೇ ವಾಸಿ ಆಯ್ತು ಅಂತಾರೆ. ಅಪ್ಪನಿಗೂ ಅದೇ, ಅಣ್ಣನಿಗೂ ಅದೇ, ನನಗೂ ಅದೇ. ನಡುವೆ ಮಂಡಿ ಮತ್ತೆ ಊದಿದ್ದೂ ಅದಕ್ಕೇ. ಅವರು ಏನು ಹೇಳಿದ್ರೂ ನೀವು ನಂಬಬೇಡಿ."

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಚಿಕ್ಕಣ್ಣನ ಕಡೆ ತಿರುಗಿದರು. "ಹೌದೇನಪ್ಪ? ಅವನು ಅಂಥವನಾ?"

ಚಿಕ್ಕಣ್ಣ ಈ ಸಲ ತಿರುಗಿದ. "ಹೌದು ಸಾರ್. ಯಾರ ಮನಸ್ಸೂ ನೋಯಿಸೋರಲ್ಲ ಅವರು."

"ಹಾಗಾದ್ರೆ ಕಷ್ಟ ಆಯ್ತಲ್ಲ," ಎಂದರು ಡಾಕ್ಟರು. "ನಿನ್ನೆ ಆಟ ಮುಗಿಸಿ ಬೆವರು ಕೂಡ ಒರೆಸಿಕೊಳ್ಳದೆ ಸೀದಾ ನನ್ನ ಹತ್ರ ಬಂದಿದ್ದ. ಬಂದು, 'ಸಾರ್, ತಪ್ಪು ತಿಳೀಬೇಡಿ, ನೀವು ಮಲಗಿರು ಅಂದದ್ದರಿಂದ ಏನೂ ಆಗಲಿಲ್ಲ. ನಮ್ಮ ಮಾವನ ಎಣ್ಣೆಯಿಂದಲೂ ಆಗಲಿಲ್ಲ. ಆ ಹುಡುಗಿ ಎತ್ತಿಸಿ ಓಡಿಸಿದ್ದರಿಂದಲೇ ಕಾಲು ಬಂತು' ಅಂದ. ನನ್ನ ಮುಖಕ್ಕೇ ಅಂದ. ನನಗೆ ಹಿಡಿಸಿತು ಆ ಮಾತು. ಅದೊಂದರ ಬಲದ ಮೇಲೆ ಇವತ್ತು ಬರೀಬೇಕು ಅಂತಲೇ ಕೂತಿದ್ದೆ."

ತುಂಗಾ ಕುರ್ಚಿಯಿಂದ ಎದ್ದಳು. "ಅವರು... ಅವರು ನಿಜ ಹೇಳಿದಾರೆ ಸಾರ್."

"ನಿನಗೆ ಬೇಕಾದಾಗ ನಿಜ, ಬೇಡದಾಗ ಸುಳ್ಳೋ?"

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.

"ನಾಳೆ ಮೇಲಿನವರು ಅವನನ್ನ ಕರೆಸಿ ಕೇಳ್ತಾರೆ. ಎದುರಿಗೆ ಮ್ಯಾನೇಜರು ಕೂತಿದ್ದರೆ ಎಲ್ಲ ಮ್ಯಾನೇಜರ ದಯೆ ಅಂತಾನೆ. ಆಗ ನನ್ನ ಮುಖ ಎಲ್ಲಿ ಇಡಲಿ? ಒಂದು ಸಲ ಊದಿತ್ತು ಬೇರೆ. ಅದೂ ನಿನ್ನ ಅಭ್ಯಾಸದಿಂದಲೇ ಅಂತ ನೀನೇ ಒಪ್ಪಿಕೊಂಡಿದ್ದೆ." ಡಾಕ್ಟರು ಬೇಸರದಿಂದಲೇ ಎದ್ದರು. "ಮುಂದಿನ ವರ್ಷ ನೋಡೋಣಮ್ಮ. ಇನ್ನೊಬ್ಬ ಯಾರಾದರೂ ಬೀಳಲಿ."

ಚಿಕ್ಕಣ್ಣ ಸೀಸೆಗಳ ಕಡೆ ತಿರುಗಿದ.

ತುಂಗಾ ಬಿಸಿಲಿನಲ್ಲಿ ಮನೆಗೆ ನಡೆದು ಬಂದಳು. ಹಜಾರದಲ್ಲಿ ಟ್ರಂಕು ಕಟ್ಟಿಟ್ಟಿತ್ತು. ಗಿರಿಜಾದೇವಿಯೂ ಗಂಡನೂ ಅಂದೇ ರಾಜಾಜಿನಗರದ ಕೋಣೆಗೆ ಹೊರಟಿದ್ದರು. ಮಗಳಿಗೆ ಕೊಡಲೆಂದು ಪಾಪಮ್ಮ ಕಜ್ಜಾಯದ ಡಬ್ಬ ಮುಚ್ಚುತ್ತಿದ್ದರು. ಹನುಮಂತಯ್ಯ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದರು. ಅಂಜಿನಯ್ಯ ಬಾಗಿಲಲ್ಲೇ ಕಾದಿದ್ದ. ಅವಳನ್ನು ಕಂಡು ಮುಖ ಅರಳಿತು.

"ಏನಂದ್ರು ತುಂಗಾ? ಬರೀತಾರಂತಾ?"

ತುಂಗಾ ಮುಚ್ಚಿಡಲಿಲ್ಲ. ನಿಂತಲ್ಲೇ, ಎಲ್ಲರ ಮುಂದೆ, ತಾನು ಏನು ಅಂದಳು, ಡಾಕ್ಟರು ಏನು ಅಂದರು, ಒಂದೂ ಬಿಡದೆ ಹೇಳಿ ಮುಗಿಸಿದಳು.

"ಅಯ್ಯೋ ನಿನ್ನ ಬಾಯಿಗೆ," ಎಂದರು ಪಾಪಮ್ಮ. "ಕೇಳಬೇಕಾದಾಗ ಕೇಳಲ್ಲ, ಸುಮ್ನಿರಬೇಕಾದಾಗ ಬಡ್ಕೋತೀಯ."

"ಹೋಗ್ಲಿ ಬಿಡು ಮಗ," ಎಂದರು ಹನುಮಂತಯ್ಯ. "ಅವರ ಕೋಣೆ ಇಲ್ಲದಿದ್ರೆ ನಮ್ಮ ಗರಡಿ ಐತೆ." ಅಪ್ಪನ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿಲ್ಲ ಎಂಬುದು ಆ ಕ್ಷಣಕ್ಕೆ ಅವರಿಗೂ ನೆನಪಾಗಲಿಲ್ಲ.

ಅಂಜಿನಯ್ಯ ಹೊಸ್ತಿಲ ಬಳಿಯೇ ನಿಂತಿದ್ದ. ಗಂಡ ಈಗ ಒಂದು ಸಮಾಧಾನದ ಮಾತು ಹೇಳುತ್ತಾನೆ ಎಂದು ಗಿರಿಜಾದೇವಿ ಅವನ ಮುಖ ನೋಡಿದಳು.

"ತಪ್ಪು ಮಾಡಿಬಿಟ್ಟೆ ತುಂಗಾ ನೀನು," ಎಂದ ಅವನು. ಮಾವನವರು ಎಲೆ ಜಗಿಯುವುದನ್ನು ನಿಲ್ಲಿಸಿದರು. "ಅಷ್ಟು ದೊಡ್ಡ ಡಾಕ್ಟ್ರಿಗೆ, ನಿಮ್ಮಿಂದ ಏನೂ ಆಗಲಿಲ್ಲ ಅಂತ ಮುಖ ನೋಡಿ ಹೇಳಿದೆ. ಕಾಲು ನಡುಗ್ತಾ ಇತ್ತು ನನಗೆ. ಹುಟ್ಟಿದಾಗಿಂದ ಯಾರಿಗೂ ಹಂಗೆ ಅಂದೋನಲ್ಲ ನಾನು. ನಿನಗೋಸ್ಕರ ಅಂದೆ. ಅದನ್ನ ನೀನೇ ಹುಲ್ಲುಕಡ್ಡಿ ಅಂತ ಬಿಸಾಕಿ ಬಂದೆಯಲ್ಲ."

ಅವನು ಟ್ರಂಕನ್ನು ಎತ್ತಿ, ಬಾಡಿಗೆಗೆ ತಂದಿದ್ದ ಸೈಕಲ್ಲಿನ ಕ್ಯಾರಿಯರ್ ಮೇಲೆ ಹಗ್ಗದಿಂದ ಬಿಗಿದ. ಅತ್ತೆ ಮಾವನ ಕಾಲಿಗೆ ನಮಸ್ಕಾರ ಮಾಡಿದ. ಪಾಪಮ್ಮ ಇನ್ನೆರಡು ಕಜ್ಜಾಯ ತಿಂದು ಹೋಗಿ ಎಂದರೆ, ಬೇಡ ಎಂದ.

ತುಂಗಾ ಕಂಬ ಹಿಡಿದು ನಿಂತಿದ್ದಳು. ಎಲ್ಲರಿಗೂ ಹೇಳುವಂಥ ಒಂದು ಹಿತದ ಮಾತನ್ನು ತನಗೂ ಹೇಳಿ ಹೋಗಲಿ, ಸುಳ್ಳಾದರೂ ಚಿಂತೆಯಿಲ್ಲ ಎಂದು ಅವಳ ಜೀವ ಬೇಡುತ್ತಿತ್ತು. ಅವನು ಸೈಕಲ್ಲು ತಳ್ಳಿಕೊಂಡು ಹೆಂಡತಿಯ ಜೊತೆ ಬೀದಿಗೆ ಇಳಿದ. ಹಿಂದೆ ತಿರುಗಿ ನೋಡಲಿಲ್ಲ. ಅವಳ ಕಣ್ಣು ಮಾತ್ರ ರೂಢಿಯಂತೆ ಅವನ ಬಲಗಾಲಿನ ಮೇಲೇ ಇತ್ತು. ಹೆಜ್ಜೆ ನೆಟ್ಟಗೆ, ಗಟ್ಟಿಯಾಗಿ ಬೀಳುತ್ತಿತ್ತು. ಕುಂಟು ಎಲ್ಲಿಯೂ ಇರಲಿಲ್ಲ.